ಮೂರನೇ ಸೀಟಿಯಾದ ಮೇಲೆ

ನಮ್ಮ ಮನೆಯಲ್ಲಿ ಬೀಗವಿದ್ದದ್ದು ದೇವರ ಕೋಣೆಯೊಂದಕ್ಕೇ. ಒಳಗೆ ಒಡವೆ ವಸ್ತುವೇನೂ ಇರಲಿಲ್ಲ. ಇದ್ದದ್ದು ಮೂವತ್ತೆರಡು ಮರದ ಬಂದೂಕುಗಳು. ಅಪ್ಪ ಅವನ್ನು ಅತ್ತಿಬೆಲೆಯ ಬಡಗಿಯೊಬ್ಬನ ಕೈಲಿ ಮಾಡಿಸಿದ್ದ. ಗುಂಡು ಹಾರುವಂಥವಲ್ಲ, ಆದರೆ ತೂಕವಾದರೂ ನಿಜವಾದದ್ದಕ್ಕೆ ಸಮನಾಗಿರಲಿ ಎಂದು ಹಿಡಿಯೊಳಗೆ ಸೀಸ ಹುಯ್ಯಿಸಿದ್ದ. ಫೌಜಿನಲ್ಲಿ ಆಯುಧ ಇಡುವ ಕೋಣೆಗೆ ‘ಕೋತ್’ ಅನ್ನುತ್ತಾರಂತೆ. ಹಾಗಾಗಿ ನಮ್ಮ ದೇವರ ಕೋಣೆ ಕೋತ್ ಆಯಿತು. ಅಡುಗೆಮನೆ ಲಂಗರ್ ಆಯಿತು, ನಡುಮನೆ ಆಫೀಸಾಯಿತು, ನಾನೂ ತಮ್ಮನೂ ಮಲಗುತ್ತಿದ್ದ ಸಣ್ಣ ಕೋಣೆ ಬ್ಯಾರಕ್ಕಾಯಿತು. ಅಮ್ಮ ಮಾತ್ರ ಕೊನೆಯವರೆಗೂ ಅಡುಗೆಮನೆಯನ್ನು ಅಡುಗೆಮನೆ ಎಂದೇ ಕರೆದಳು. ಬೆಳಿಗ್ಗೆ ದೀಪ ಹಚ್ಚಬೇಕಾದರೆ ಅವಳು ಅಪ್ಪನ ಹತ್ತಿರ ಬೀಗದ ಕೈ ಕೇಳಿ ಇಸಕೊಳ್ಳಬೇಕಿತ್ತು. ಬಾಗಿಲು ತೆಗೆದರೆ ಎರಡೂ ಗೋಡೆಗೆ ಬಂದೂಕಿನ ಸಾಲು, ನಡುವೆ ಒಂದು ಮಣೆ ಇಡುವಷ್ಟು ಜಾಗ. ಅವಳು ಪೂಜೆಯನ್ನು ನಿಂತೇ ಮುಗಿಸುತ್ತಿದ್ದಳು.

“ದೇವ್ರ ಮುಂದೆ ಮಂಡಿ ಊರಕ್ಕೂ ಜಾಗ ಇಲ್ಲ. ನಾನ್ ಎಲ್ ಕೂತ್ಕಂಡು ದೀಪ ಅಚ್ಲಿ, ಯೋಳಿ.”

“ನಿಂತ್ಕಂಡ್ ಅಚ್ಚು. ದೇವ್ರೇನು ಪರೇಡಿಗೆ ಬತ್ತಾನಾ? ಗೂಡ್ನಲ್ಲಿ ಕೂತಿರ್ತಾನೆ ಬುಡು.”

ಅಪ್ಪ ಹದಿನೇಳು ವರ್ಷ ಫೌಜಿನಲ್ಲಿದ್ದು ಹವಾಲ್ದಾರನಾಗಿ ಊರಿಗೆ ಮರಳಿದವನು. ಊರವರ ಬಾಯಲ್ಲಿ ಅವನು ಅವಲ್ದಾರಪ್ಪ. ನಮ್ಮ ಹಳ್ಳಿ ಅತ್ತಿಬೆಲೆಯ ಹತ್ತಿರ. ಗಡಿ ದಾಟುವ ಲಾರಿಗಳ ಸದ್ದು ಮನೆಗೆ ಕೇಳಿಸುತ್ತಿತ್ತು. ಸುತ್ತ ಒಂದೊಂದಾಗಿ ಕಾರ್ಖಾನೆಗಳು ಏಳುತ್ತಿದ್ದವು, ಅವುಗಳೊಳಗೆ ನಮ್ಮ ಊರಿನ ಹುಡುಗರಿಗೆ ಕೆಲಸ ಸಿಗುತ್ತಿರಲಿಲ್ಲ. ಅಕ್ಕಪಕ್ಕದ ಊರುಗಳಲ್ಲಿ ಅಪ್ಪನ ಹಾಗೆಯೇ ಪಿಂಚಣಿ ತೆಗೆದುಕೊಂಡು ಬಂದಿದ್ದ ಐದಾರು ಮಂದಿ ಮಾಜಿ ಸೈನಿಕರಿದ್ದರು. ಊರಲ್ಲಿ ಯಾರೂ ಅವರ ಮಾತು ಕೇಳುತ್ತಿರಲಿಲ್ಲ, ಹೊಲದ ಕೆಲಸ ಅವರಿಗೆ ಮರೆತುಹೋಗಿತ್ತು, ಸಂಜೆ ಹೊತ್ತು ನಮ್ಮ ಜಗಲಿಯಲ್ಲಿ ಕೂತು ಹಿಂದಿಯಲ್ಲಿ ಹಳೆಯ ಸುದ್ದಿ ಆಡಿಕೊಳ್ಳುತ್ತಿದ್ದರು. ಅಲ್ಲಿ ಹುಟ್ಟಿದ್ದು ಧೀರ ಕುಮಾರ ದಳ. ಹತ್ತರಿಂದ ಹದಿನೆಂಟರ ಒಳಗಿನ ಹುಡುಗರನ್ನು ಸೇರಿಸಿ, ತಯಾರು ಮಾಡಿ, ಫೌಜಿಗೆ ಕಳಿಸುವುದು ಅವರ ಉದ್ದೇಶ. ವೈಟ್‌ಫೀಲ್ಡ್ ಕಡೆ ಬಂಗಲೆ ಕಟ್ಟಿಕೊಂಡಿದ್ದ ಒಬ್ಬ ನಿವೃತ್ತ ಮೇಜರ್ ಸಾಹೇಬರು ಬೂಟು, ಬಟ್ಟೆ ಕೊಡಿಸಿದರು. ಅಪ್ಪ ಉಸ್ತಾದನಾದ. ನಮ್ಮ ಮನೆಯ ಎದುರಿನ ಗುಂಡುತೋಪು ಪರೇಡ್ ಮೈದಾನವಾಯಿತು. ‘ಸಾವಧಾನ್’, ‘ದಾಹಿನೇ ಮುಡ್’ ಎಂದು ಅಪ್ಪ ಕೂಗಿದರೆ, ಹಿಂದಿಯ ಗಂಧವೇ ಇಲ್ಲದ ಹುಡುಗರು ಅವನ ಕಣ್ಣು ಎತ್ತ ತಿರುಗುತ್ತದೋ ಅತ್ತ ತಿರುಗುತ್ತಿದ್ದರು. ಊರವರು ಅವಲ್ದಾರಪ್ಪನ ಪಟಾಲಂ ಅಂತ ನಗುತ್ತಿದ್ದರು, ಆದರೂ ಮಕ್ಕಳನ್ನು ಕಳಿಸುತ್ತಿದ್ದರು. ಅಪ್ಪ ಅಂಥ ಆಸೆ ಹುಟ್ಟಿಸಿದ್ದ.

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತನ್ನು ಅಮ್ಮನ ಕಡೆಯ ಅಜ್ಜಿ ಅಪ್ಪನ ಎದುರಿಗೇ ಆಡಿ ಹೋಗಿದ್ದಳು. ಬೆಳಿಗ್ಗೆ ಅಪ್ಪ ಮೂರು ಸಲ ಸೀಟಿ ಊದುತ್ತಿದ್ದ. ಮೊದಲನೆಯದಕ್ಕೆ ಏಳಬೇಕು, ಎರಡನೆಯದಕ್ಕೆ ಯೂನಿಫಾರಂ ತೊಟ್ಟಿರಬೇಕು, ಮೂರನೆಯದಕ್ಕೆ ತೋಪಿನಲ್ಲಿ ಸಾಲಾಗಿ ನಿಂತಿರಬೇಕು. ಆ ಸೀಟಿ ಹುಡುಗರಿಗೆಷ್ಟೋ ನಮಗೂ ಅಷ್ಟೇ. ಊಟಕ್ಕೆ ನಾವು ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಸಾಲು ನಿಲ್ಲಬೇಕಿತ್ತು. ಇಬ್ಬರೇ ಮಕ್ಕಳ ಸಾಲು. ಭಾನುವಾರ ಪರೇಡು ಮುಗಿದ ಮೇಲೆ ಇಡೀ ದಳಕ್ಕೆ ಅಮ್ಮ ಕಡಲೆಕಾಳು ಉಸಲಿ ಮಾಡಬೇಕು, ರಾಗಿ ಗಂಜಿ ಕಾಯಿಸಬೇಕು. ಶನಿವಾರ ಅದಕ್ಕಿಂತ ದೊಡ್ಡ ಕೆಲಸ. ಅಷ್ಟೂ ಹುಡುಗರ ಯೂನಿಫಾರಂ ನಮ್ಮ ಹಿತ್ತಲಿಗೆ ಒಗೆಯಲು ಬರುತ್ತಿದ್ದವು. ಅಂಗಿಗಳು ನಿಗುರಿ ನಿಲ್ಲಬೇಕಲ್ಲ, ಅದಕ್ಕೆ ಗಂಜಿ ಹಾಕಬೇಕು. ಮುದ್ದೆ ಉಣ್ಣುವ ಮನೆಯಲ್ಲಿ ಗಂಜಿಗೋಸ್ಕರ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡುವುದು. ಗಂಜಿ ಬಸಿದು, ಅಂಗಿಗಳನ್ನು ಅದ್ದಿ, ಹಿಂಡಿ, ಹರವಿ, ಕಡೆಗೆ ಆ ಸಪ್ಪೆ ಅನ್ನವನ್ನು ನಮಗೆ ಬಡಿಸುವಾಗ ಅಮ್ಮ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು.

“ಉಣ್ರಪ್ಪ. ಅಂಗಿ ಉಂಡು ಮಿಕ್ಕಿದ್ದು ನಮ್ಗೆ.”

ನಾನೂ ನಗುತ್ತಿದ್ದೆ, ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಶಂಕರನೂ ನಗುತ್ತಿದ್ದ. ಅಮ್ಮ ನಗಿಸಲು ಹೇಳಿದ ಮಾತಲ್ಲ ಅದು ಎಂದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಹೆಣ್ಣುಮಕ್ಕಳಿಗೆ ದಳದಲ್ಲಿ ಜಾಗವಿರಲಿಲ್ಲ. ನನಗೋ ಆ ಸಾಲಿನಲ್ಲಿ ನಿಲ್ಲುವ ಹುಚ್ಚು. ಹಿತ್ತಲಲ್ಲಿ ಒಬ್ಬಳೇ ಪೊರಕೆ ಹಿಡಿದು ಅಷ್ಟೂ ಕವಾಯತು ಕಲಿತಿದ್ದೆ, ಯಾವ ಹುಡುಗನಿಗಿಂತಲೂ ಚೆನ್ನಾಗಿ ಹೆಜ್ಜೆ ಹಾಕುತ್ತಿದ್ದೆ. ಒಂದು ದಿನ ಅಪ್ಪ ಅದನ್ನು ನೋಡಿದ. ಸಾಲಿಗೇನೂ ಸೇರಿಸಲಿಲ್ಲ, ಬದಲಿಗೆ ಹಾಜರಿ ಪುಸ್ತಕ ಕೊಟ್ಟ. ಜಗಲಿಯ ಮೇಲೊಂದು ಮೇಜು, ಮೇಜಿನ ಮೇಲೆ ಪುಸ್ತಕ, ಪುಸ್ತಕದಲ್ಲಿ ಮೂರು ಮನೆಗಳು: ಹಾಜರ್, ಗೈರ್, ಬೀಮಾರ್. ಮೂರನೆಯ ಮನೆಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮೈ ಸರಿಯಿಲ್ಲದವನು ಮೂರನೇ ಸೀಟಿಗೆ ಮೊದಲೇ, ಪೂರಾ ಯೂನಿಫಾರಂ ತೊಟ್ಟು, ಬೂಟು ಹಾಕಿಕೊಂಡು ನನ್ನ ಮೇಜಿನ ಮುಂದೆ ನಿಂತು ‘ಬೀಮಾರ್’ ಅನ್ನಬೇಕು. ಸೀಟಿ ಊದಿದ ಮೇಲೆ ಹೇಳಿದರೆ ಅದು ಕಾಯಿಲೆಯಲ್ಲ, ಬಹಾನಾ, ಅಂದರೆ ನೆಪ. ಕೆಲಸ ಏನೆಂದು ನೋಡಿಕೊಂಡು ಆಮೇಲೆ ಕಾಯಿಲೆ ಬೀಳುವವನು ಮೈಗಳ್ಳ ಎನ್ನುವುದು ಅಪ್ಪ ಫೌಜಿನಿಂದ ತಂದಿದ್ದ ಪಾಠ. ಹದಿಮೂರು ವರ್ಷದ ನನಗೆ ಆ ನಿಯಮ ಬಹಳ ನ್ಯಾಯವಾಗಿ ಕಂಡಿತು. ಪುಸ್ತಕ ಹಿಡಿದವರಿಗೆ ಎಲ್ಲ ನಿಯಮವೂ ನ್ಯಾಯವಾಗಿಯೇ ಕಾಣುತ್ತದೆ.

ಹತ್ತು ತುಂಬಿದ ಕೂಡಲೇ ಸಾಲಿಗೆ ಸೇರಿದ್ದ ಶಂಕರನಿಗೆ ಉಬ್ಬಸ. ಧೂಳು ಬಿದ್ದರೆ, ಮಂಜು ಬಿದ್ದರೆ, ಕಾರ್ಖಾನೆಯ ಹೊಗೆ ನಮ್ಮ ಕಡೆ ತಿರುಗಿದರೆ ಅವನ ಎದೆ ಸುಂಯ್‌ಗುಡುತ್ತಿತ್ತು. ಅಮ್ಮ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ತಿಕ್ಕುತ್ತಿದ್ದಳು. ಅಪ್ಪನ ಪ್ರಕಾರ ಉಬ್ಬಸ ಎನ್ನುವುದು ತಾಯಂದಿರು ಮುದ್ದು ಮಾಡಿ ಬರಿಸುವ ರೋಗ, ಓಡಿಸಿದರೆ ಹೋಗುತ್ತದೆ. ಒಂದು ಭಾನುವಾರ ಶಂಕರ ಸೀಟಿಯಾದ ಮೇಲೆ ಬಂದು ನಿಂತಾಗ ಅವನ ಎದೆಯ ಸದ್ದು ಕೇಳಿ ನಾನು ಮೂರನೆಯ ಮನೆಯಲ್ಲಿ ಅವನ ಹೆಸರು ಬರೆದುಬಿಟ್ಟೆ. ಅಪ್ಪ ಪುಸ್ತಕ ನೋಡಿದ. ನನ್ನನ್ನು ಬೈಯಲಿಲ್ಲ, ಶಂಕರನನ್ನೂ ಮುಟ್ಟಲಿಲ್ಲ. ಮಿಕ್ಕ ಹುಡುಗರನ್ನೆಲ್ಲ ಬಂದೂಕು ತಲೆಯ ಮೇಲೆ ಎತ್ತಿಸಿ ತೋಪಿನ ಸುತ್ತ ಓಡಿಸಿದ. ಬಿಸಿಲೇರುವ ತನಕ ಓಡಿಸಿದ. ನಾನೂ ಶಂಕರನೂ ಜಗಲಿಯಲ್ಲಿ ಕೂತು ಅದನ್ನು ನೋಡಬೇಕಿತ್ತು. ಓಡುತ್ತಿದ್ದವರಲ್ಲಿ ಕೃಷ್ಣಪ್ಪ ಎಂಬ ಹಿರಿಯ ಹುಡುಗ ನಮ್ಮ ಜಗಲಿಯ ಮುಂದೆ ಹಾಯುವಾಗಲೆಲ್ಲ ನನಗೆ ಕೇಳಿಸುವಂತೆ ಹೇಳುತ್ತಿದ್ದ.

“ಅವಲ್ದಾರಪ್ಪನ್ ಮಗ್ಳು ತಮ್ಮುನ್ನ ಉಳಿಸ್ಕಂಡ್ಲು. ನಾವ್ ಸಾಯನ ನಡೀರ್ಲಾ!”

ಅವತ್ತಿನಿಂದ ನಾನು ಪುಸ್ತಕದಲ್ಲಿ ಒಂದು ಗೆರೆಯನ್ನೂ ತಪ್ಪಿ ಹಾಕಲಿಲ್ಲ.

ಮರು ವರ್ಷ ಮೇಜರ್ ಸಾಹೇಬರು ತಪಾಸಣೆಗೆ ಬರುವ ದಿನ ಗೊತ್ತಾಯಿತು. ಅವರು ಮೆಚ್ಚಿದರೆ ದಳಕ್ಕೆ ಒಂದು ಕಟ್ಟಡ ಕಟ್ಟಿಸಿಕೊಡುವ ಮಾತಿತ್ತು. ಅಪ್ಪ ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ತೋಪಿನಿಂದ ಕೆರೆ ಏರಿಯವರೆಗೆ ಬಂದೂಕು ಹೊತ್ತು ಓಡಿ ವಾಪಸ್ಸು ಬರುವುದು ಆ ದಿನದ ಮುಖ್ಯ ಕಾರ್ಯಕ್ರಮ. ಹಿಂದಿನ ಸಂಜೆಯಿಂದಲೇ ಶಂಕರನ ಉಸಿರು ಕಟ್ಟಿಕೊಂಡಿತ್ತು. ಬೆಳಿಗ್ಗೆ ಎದ್ದಾಗ ಅವನ ತುಟಿಯ ಬಣ್ಣವೇ ಬೇರೆಯಾಗಿತ್ತು. ಹೋಗಿ ಅಕ್ಕನ ಹತ್ತಿರ ಹೆಸರು ಬರೆಸು ಅಂತ ಅಮ್ಮ ಹೇಳಿದಳು. ಅವನು ಯೂನಿಫಾರಂ ತೊಟ್ಟ. ಬೂಟು ಹಾಕಿಕೊಳ್ಳಲು ಬಗ್ಗಿದ. ಬಗ್ಗಿದರೆ ಉಸಿರು ಹಿಡಿಯುತ್ತದೆ, ಏಳುತ್ತಾನೆ, ಮತ್ತೆ ಬಗ್ಗುತ್ತಾನೆ. ನಾನು ಜಗಲಿಯ ಮೇಜಿನಿಂದಲೇ ಕಿಟಕಿಯಲ್ಲಿ ಅದನ್ನು ನೋಡುತ್ತಿದ್ದೆ. ಎದ್ದು ಹೋಗಿ ಆ ಲೇಸು ಕಟ್ಟಿಕೊಡಬಹುದಿತ್ತು. ಮೇಜು ಬಿಟ್ಟು ಏಳಬಾರದೆಂಬ ನಿಯಮವಿತ್ತು, ಏಳಲಿಲ್ಲ. ಅವನು ಎರಡನೇ ಬೂಟಿನ ಲೇಸು ಕಟ್ಟುತ್ತಿದ್ದಾಗ ಅಪ್ಪ ತೋಪಿನಲ್ಲಿ ಮೂರನೇ ಸೀಟಿ ಊದಿದ.

ಶಂಕರ ಓಡಿ ಬಂದು ನನ್ನ ಮುಂದೆ ನಿಂತ. ಸಾವಧಾನದಲ್ಲಿ ನಿಂತ.

“ಅಕ್ಕ... ಬೀಮಾರ್.”

“ಸೀಟಿ ಆಯ್ತು.”

“ಬೂಟು... ಲೇಟಾಯ್ತು ಅಕ್ಕ.”

ಅಷ್ಟರಲ್ಲಿ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಿದ್ದಳು.

“ಬರ್ಕಳೆ ಜಯಾ. ಮಗೀಗೆ ಉಸ್ರು ಬತ್ತಿಲ್ಲ, ಕಾಣಲ್ವಾ ನಿಂಗೆ?”

“ಸೀಟಿ ಆದ್ಮೇಲೆ ಬರಿಯಂಗಿಲ್ಲಮ್ಮ.”

“ಏನೇ ಅಂಗಂದ್ರೆ? ನಿನ್ ತಮ್ಮ ಕಣೇ ಅವ್ನು.”

ನಾನು ಪುಸ್ತಕ ಮುಚ್ಚಿದೆ. ತೋಪಿನಲ್ಲಿ ಅಪ್ಪ ಇತ್ತ ತಿರುಗಿ ನಿಂತಿದ್ದ. ಅವನು ಒಂದು ಕೈ ಸನ್ನೆ ಮಾಡಿದ್ದರೂ ನಾನು ಬರೆಯುತ್ತಿದ್ದೆ. ಅವನು ಕಾಯುತ್ತಿದ್ದ, ನಾನು ಏನು ಮಾಡುತ್ತೇನೆಂದು ನೋಡಲು. ಮೇಜರ್ ಸಾಹೇಬರ ಜೀಪು ಆಗಲೇ ಬಂದು ನಿಂತಿತ್ತು, ಹೊರಗಿನ ಗಂಡಸರ ಎದುರು ಅಮ್ಮ ಜಗಲಿ ಇಳಿಯಲಿಲ್ಲ. ಇಳಿದು ಅವನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಿದ್ದರೆ ಯಾರೇನು ಮಾಡುತ್ತಿದ್ದರು ಎಂದು ಆಮೇಲೆ ಸಾಯುವವರೆಗೂ ಅವಳು ತನ್ನನ್ನೇ ಬೈದುಕೊಂಡಳು. ಶಂಕರ ನನಗೊಂದು ಸಲ್ಯೂಟ್ ಹೊಡೆದು ಸಾಲಿಗೆ ಹೋದ. ಅವನ ಹೆಸರಿನ ಮುಂದೆ ನಾನು ಹಾಜರ್ ಎಂದು ಗುರುತು ಹಾಕಿದೆ.

ಎಲ್ಲರೂ ಕೆರೆ ಏರಿಯಿಂದ ವಾಪಸ್ಸು ಬಂದರು, ಶಂಕರ ಬರಲಿಲ್ಲ. ಆಮೇಲೆ ಕೃಷ್ಣಪ್ಪ ತಿರುಗಿ ಹೋಗಿ ಅವನನ್ನು ಹೆಗಲ ಮೇಲೆ ಹೊತ್ತು ತಂದ. ಬಂದೂಕು ಶಂಕರನ ಕೈಯಲ್ಲೇ ಇತ್ತು, ಬೆರಳು ಬಿಡಿಸಿ ತೆಗೆಯಬೇಕಾಯಿತು. ಮೇಜರ್ ಸಾಹೇಬರು ತಮ್ಮ ಜೀಪು ಕೊಟ್ಟರು, ಅಮ್ಮ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸೂರಿನ ಆಸ್ಪತ್ರೆಗೆ ಹೋದಳು. ಅಪ್ಪ ಹೋಗಲಿಲ್ಲ. ಸಾಹೇಬರೇ ಹೋಗಿ ಅಂದರೂ ಹೋಗಲಿಲ್ಲ. ಮಾರ್ಚ್‌ಪಾಸ್ಟ್ ಬಾಕಿ ಇತ್ತು. ಅದು ಮುಗಿದ ಮೇಲೆ ಸಾಹೇಬರು ಹಾಜರಿ ಪುಸ್ತಕ ತರಿಸಿ ನೋಡಿದರು. ಶಂಕರನ ಹೆಸರು ಬೀಮಾರ್ ಮನೆಯಲ್ಲಿರಲಿಲ್ಲ. ಹುಡುಗ ಆರೋಗ್ಯವಾಗಿದ್ದಾನೆಂದೇ ತಿಳಿದು ಓಡಿಸಿದ್ದು ಎಂದು ಅಪ್ಪ ವಿವರಿಸಿದ. ಪುಸ್ತಕವೂ ಅದನ್ನೇ ಹೇಳುತ್ತಿತ್ತು. ನಾನು ಬರೆದ ಆ ಒಂದು ಗುರುತು ಅಪ್ಪನನ್ನು ಕಾಪಾಡಿತು, ದಳವನ್ನೂ ಕಾಪಾಡಿತು.

ಆ ಸಂಜೆ ಅಪ್ಪ ದೀಪದ ಹತ್ತಿರ ಕೂತು ನನ್ನ ಅಳತೆಯ ಒಂದು ಅಂಗಿಗೆ ಕೆಂಪು ಪಟ್ಟಿ ಹೊಲಿದ. ಒಂದೇ ಪಟ್ಟಿ, ಸಿಪಾಯಿಗಿಂತ ಒಂದು ಮೆಟ್ಟಿಲು ಮೇಲಿನ ಲ್ಯಾನ್ಸ್ ನಾಯಕನದು. ಮುಂದಿನ ಭಾನುವಾರ ನಾನು ಸಾಲಿನಲ್ಲಿ ನಿಲ್ಲಬಹುದು ಅಂದ. “ಶಭಾಷ್. ಗಂಡ್ ಮಕ್ಳಿಗಿಲ್ದಿರೋ ಗಟ್ಟಿತನ ನಿಂಗೈತೆ” ಅಂದ. ನನ್ನ ತಮ್ಮ ಬದುಕಿದ್ದಾನೋ ಇಲ್ಲವೋ ಎಂಬ ಸುದ್ದಿ ಇನ್ನೂ ಬಂದಿರಲಿಲ್ಲ. ನನಗೆ ಖುಷಿಯಾಗಿತ್ತು. ಬಹಳ ಖುಷಿಯಾಗಿತ್ತು. ಇದನ್ನು ಬೇರೆ ರೀತಿಯಲ್ಲಿ ಬರೆಯಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಹೆದರಿಕೆಯೂ ಇತ್ತು, ಸಂಕಟವೂ ಇತ್ತು ಎಂದು ಸೇರಿಸಿ ನೋಡಿದ್ದೇನೆ. ಸುಳ್ಳಾಗುತ್ತದೆ. ಅಂಗಿಯನ್ನು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು ಮಲಗಿದೆ.

ಶಂಕರ ಉಳಿದ. ಆದರೆ ಅಮ್ಮ ಅವನನ್ನು ಮನೆಗೆ ಕರೆತರಲಿಲ್ಲ. ಆಸ್ಪತ್ರೆಯಿಂದ ನೇರ ಆನೇಕಲ್ ಹತ್ತಿರದ ತನ್ನ ತವರಿಗೆ ಕರೆದುಕೊಂಡು ಹೋದಳು. ಸ್ವಲ್ಪ ದಿನ ಬಿಟ್ಟು ತನ್ನ ಸೀರೆಗಳಿಗಾಗಿ ಒಬ್ಬಳೇ ಬಂದಳು. ಅಪ್ಪನ ಹತ್ತಿರ ಕೋತಿನ ಬೀಗದ ಕೈ ಕೇಳಿದಳು. ಅವನು ಕೊಟ್ಟ. ಅವಳು ಗೂಡಿನಲ್ಲಿದ್ದ ದೇವರ ಪಟಗಳನ್ನು ತೆಗೆದು ಸೀರೆಯಲ್ಲಿ ಸುತ್ತಿ ಗಂಟು ಕಟ್ಟಿದಳು. ಇನ್ನು ಆ ಕೋಣೆಯಲ್ಲಿ ಬಂದೂಕುಗಳಿಗೆ ಸಾಕಷ್ಟು ಜಾಗವಾಯಿತು. ಹೊರಡುವಾಗ ನನ್ನ ಮುಖ ನೋಡಿ ಕೇಳಿದಳು.

“ಬತ್ತೀಯೇನೇ?”

“ಭಾನುವಾರ ಪರೇಡ್ ಐತಮ್ಮ.”

ಅವಳು ನನ್ನ ಅಂಗಿಯ ಕೆಂಪು ಪಟ್ಟಿಯನ್ನು ನೋಡಿದಳು, ಹೊರಟಳು. ಕಳಿಸಲು ನಾನು ತೋಪಿನವರೆಗೂ ಹೋಗಲಿಲ್ಲ. ಆಮೇಲೆ ವರ್ಷಕ್ಕೊಂದು ಸಲ, ಹಬ್ಬಕ್ಕೆ, ನಾನು ಅವಳನ್ನು ನೋಡಲು ಹೋಗುತ್ತಿದ್ದೆ. ನೆಂಟರ ಮನೆಗೆ ಹೋದ ಹಾಗೆ ಇರುತ್ತಿತ್ತು. ಯೂನಿಫಾರಂಗಳಿಗೆ ಗಂಜಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಸಾಹೇಬರು ಕಟ್ಟಡ ಕಟ್ಟಿಸಲಿಲ್ಲ. ದಳ ಮತ್ತೆ ಒಂಬತ್ತು ವರ್ಷ ನಡೆಯಿತು, ಆ ಅಷ್ಟೂ ವರ್ಷಗಳಲ್ಲಿ ಫೌಜಿಗೆ ಸೇರಿದವರು ಇಬ್ಬರು. ಮಿಕ್ಕವರು ಭರ್ತಿಗೆ ಹೋಗಿ ಬಂದರು, ಎದೆ ಅಳತೆಯಲ್ಲೋ ಹಲ್ಲಿನಲ್ಲೋ ಲಿಖಿತ ಪರೀಕ್ಷೆಯಲ್ಲೋ ನಪಾಸಾದರು. ಅಷ್ಟು ಹೊತ್ತಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳೆದ್ದವು, ಅವಕ್ಕೆ ನೆಟ್ಟಗೆ ನಿಲ್ಲಬಲ್ಲ ಹುಡುಗರು ಬೇಕಾದರು. ಅಪ್ಪನೇ ಅವರನ್ನು ಒಂದು ಸೆಕ್ಯುರಿಟಿ ಏಜೆನ್ಸಿಗೆ ಒಪ್ಪಿಸಿದ. ದೇಶದ ಗಡಿ ಕಾಯಲು ತಯಾರಾದವರು ಕಾರಿನ ಡಿಕ್ಕಿ ತೆಗೆಸಿ ನೋಡುತ್ತಾ, ತಮ್ಮ ಮಕ್ಕಳ ವಯಸ್ಸಿನವರಿಗೆ ಸಲ್ಯೂಟ್ ಹೊಡೆಯುತ್ತಾ ಮುದುಕರಾದರು. ಯಾರೂ ಅಪ್ಪನನ್ನು ದೂರಲಿಲ್ಲ. ಅವನು ತೀರಿಕೊಂಡಾಗ ಅಷ್ಟೂ ಮಂದಿ ಬಂದು ಸಾಲಾಗಿ ನಿಂತರು. ನಾನೂ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಐದು ನಿಮಿಷ ತಡವಾಗಿ ಬಂದ ಹೆಂಗಸರಿಗೆ ಅರ್ಧ ದಿನದ ಸಂಬಳ ಕತ್ತರಿಸುತ್ತಾ ನಿವೃತ್ತಳಾದೆ. ಬಸ್ಸು ತಪ್ಪಿತು ಅಂದವರಿಗೂ, ಮಗುವಿಗೆ ಜ್ವರ ಅಂದವರಿಗೂ ನನ್ನ ಹತ್ತಿರ ಒಂದೇ ಉತ್ತರವಿತ್ತು. ಒಳ್ಳೆಯ ಹೆಸರು ತೆಗೆದುಕೊಂಡೆ.

ಈಚೆಗೆ ಕೃಷ್ಣಪ್ಪ ಫೋನು ಮಾಡಿದ್ದ. ಹಳೆಯ ಹುಡುಗರೆಲ್ಲ ಸೇರಿ ದಳದ ಇತಿಹಾಸವನ್ನು ಪುಸ್ತಕ ಮಾಡಿಸುತ್ತಿದ್ದಾರಂತೆ. “ಅಪ್ಪಾಜಿ ಬಗ್ಗೆ ನೀವೇ ಬರ್ಕೊಡ್ಬೇಕು ಅಕ್ಕಾ, ಅವರತ್ರ ನಾವು ಕಲ್ತಿದ್ ಶಿಸ್ತು ಇವತ್ಗೂ ಅನ್ನ ಆಕ್ತಾ ಐತೆ” ಅಂದ. ಹೆಗಲ ಮೇಲೆ ಶಂಕರನನ್ನು ಹೊತ್ತು ತಂದವನೇ ಹೀಗೆ ಹೇಳಿದ. ಬರೆಯುವುದಕ್ಕೆ ಮುಂಚೆ ಶಂಕರನನ್ನು ಒಂದು ಮಾತು ಕೇಳಬೇಕೆನಿಸಿ ಮಾರತ್ತಹಳ್ಳಿಗೆ ಹೋದೆ. ಅಲ್ಲಿ ಅವನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಿದೆ, ಮನೆ ಅದರ ಮೇಲೆಯೇ. ಹೊರಗೆ ರಿಂಗ್ ರೋಡಿನ ಧೂಳು, ಜೇಬಿನಲ್ಲಿ ಯಾವಾಗಲೂ ಉಬ್ಬಸದ ಪಂಪು. ಇಷ್ಟು ವರ್ಷ ಹಬ್ಬ, ಮದುವೆ, ತಿಥಿಗಳಲ್ಲಿ ಸೇರಿದ್ದೇವೆ, ಆ ದಿನದ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ನಾನು ಎತ್ತಿದೆ.

“ಅವತ್ತು ನಾನು ಬರ್ಕೋಬೇಕಿತ್ತು ಕಣೋ. ತಪ್ಪಾಯ್ತು.”

ಅವನು ಜೇಬಿನಿಂದ ಪಂಪು ತೆಗೆದು ಒಂದು ಸಲ ಎಳೆದುಕೊಂಡ.

“ಅದ್ಬಿಡಕ್ಕ. ನಿಂಗಾಗ ಹದಿನಾಲ್ಕು ವರ್ಷ. ಬರ್ದಿದ್ರೆ ಅಪ್ಪ ಎಲ್ರನ್ನೂ ಓಡಿಸ್ತಿದ್ರು. ಅದು ನಂಗಾವಾಗ್ಲೇ ಗೊತ್ತಿತ್ತು.”

“ಮತ್ತೆ ಯಾಕೋ ಇಷ್ಟು ವರ್ಷ ನನ್ನತ್ರ ಸರಿಯಾಗಿ ಮಾತಾಡ್ಲಿಲ್ಲ?”

“ಅಮ್ಮ ಸೀರೆ ತಗೊಂಡ್ಹೋಗಕ್ಕೆ ಬಂದಿದ್ಳಲ್ಲ, ಅವತ್ತು ನಾನೂ ಬಂದಿದ್ದೆ.”

“ಇಲ್ಲ ಕಣೋ, ಅಮ್ಮ ಒಬ್ಳೇ ಬಂದಿದ್ದು.”

“ಜಗಲಿ ಮೇಲೆ ಕೂತಿದ್ದೆ ಅಕ್ಕ. ನಿನ್ನ ನೋಡ್ಬೇಕು ಅಂತ ಹಟ ಮಾಡಿ ಬಂದಿದ್ದೆ. ನೀನು ಒಳಗಿಂದ ಪುಸ್ತಕ ಹಿಡ್ಕೊಂಡು ಬಂದೆ. ಆಸ್ಪತ್ರೆ ಚೀಟಿ ಎಲ್ಲಿ ಅಂದೆ. ಚೀಟಿ ಕೊಟ್ರೆ ಇಷ್ಟು ದಿನಾನೂ ಬೀಮಾರ್ ಅಂತ ಬರೀತೀನಿ, ಇಲ್ದಿದ್ರೆ ಗೈರು ಅಂದೆ. ಚೀಟಿ ಅಜ್ಜಿ ಮನೇಲಿತ್ತು.”

“ಆಮೇಲೆ?”

“ಆಮೇಲೇನು? ಬರ್ಕೊಂಡು ಒಳಗೆ ಹೋದೆ.”

ನನಗೆ ಇದು ನೆನಪಿಲ್ಲ. ಅವತ್ತು ಅಮ್ಮ ಉಟ್ಟಿದ್ದ ಸೀರೆ ನೆನಪಿದೆ, ಅವಳು ಪಟಗಳನ್ನು ತೆಗೆದ ಮೇಲೆ ಗೂಡಿನ ಗೋಡೆಯಲ್ಲಿ ಉಳಿದ ಎಣ್ಣೆಯ ಕಲೆ ನೆನಪಿದೆ, ಅಪ್ಪ ಕೊಟ್ಟ ಬೀಗದ ಕೈಯ ಸದ್ದು ಕೂಡ ನೆನಪಿದೆ. ಜಗಲಿಯ ಮೇಲೆ ನನಗಾಗಿ ಕಾದು ಕೂತಿದ್ದ ನನ್ನ ತಮ್ಮ ನೆನಪಿಲ್ಲ. ಆದರೆ ಶಂಕರ ಸುಳ್ಳು ಹೇಳುವವನಲ್ಲ. ಕೇಳಿರುತ್ತೇನೆ. ಚೀಟಿ ಎಲ್ಲಿ ಎಂದು ಕೇಳಿರುತ್ತೇನೆ, ಇಲ್ಲವೆಂದಾಗ ಗೈರು ಎಂದು ಬರೆದಿರುತ್ತೇನೆ, ಅಕ್ಷರ ದುಂಡಗೆ ಬಂದಿದೆಯೇ ಎಂದು ಒಮ್ಮೆ ನೋಡಿಕೊಂಡೂ ಇರುತ್ತೇನೆ.